ಜೋನ್ ಆಫ್ ಆರ್ಕ್‌ಳನ್ನು ಸುಟ್ಟದ್ದು ಮಾಟಗಾತಿಯೆಂದಲ್ಲ

ಮಾನ್ಯ ಸಂಪಾದಕರಿಗೆ ವಂದನೆಗಳು.

ಫ್ರಾನ್ಸಿನ ವೀರ ಸಂತಳಾದ ಜೋನ್ ಆಫ್ ಆರ್ಕ್ ಕುರಿತು ತಮ್ಮ ಪತ್ರಿಕೆಯಲ್ಲಿ ಈಚೆಗೆ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಲೇಖಕರಿಗೆ ಆಕೆಯ ಮೇಲಿರುವ ಅಭಿಮಾನ ಪ್ರತಿ ಸಾಲಿನಲ್ಲೂ ಕಾಣುತ್ತದೆ. ಆದರೆ ‘ಮಾಟಗಾತಿಯೆಂದು ತೀರ್ಮಾನಿಸಿ ಆಕೆಯನ್ನು ಜೀವಂತ ಸುಟ್ಟರು’ ಎಂಬ ಮಾತು ಅದರಲ್ಲಿ ಎರಡು ಕಡೆ ಬಂದಿದೆ. ಇತಿಹಾಸದ ಪಾಠ ಹೇಳುತ್ತಿದ್ದ ಕಾಲದಲ್ಲಿ ನಾನೂ ಹಲವು ವರ್ಷ ತರಗತಿಯಲ್ಲಿ ಇದನ್ನೇ ಹೇಳಿದ್ದೇನೆ. ವಿಚಾರಣೆಯ ಕಡತದ ಅನುವಾದವನ್ನು ಓದಿದ ಮೇಲೆ ಅದು ಸರಿಯಲ್ಲವೆಂದು ತಿಳಿಯಿತು. ಆ ನೋವಿನಿಂದಲೇ ಈ ಪತ್ರ ಬರೆಯುತ್ತಿದ್ದೇನೆ.

1431ರ ಮೇ 30ರಂದು ರೂವಾನ್ ನಗರದ ಹಳೆಯ ಮಾರುಕಟ್ಟೆ ಚೌಕದಲ್ಲಿ ಓದಿದ ತೀರ್ಪಿನ ಪ್ರಕಾರ ಜೋನ್ ‘ತಪ್ಪೊಪ್ಪಿ ಮತ್ತೆ ಅದೇ ತಪ್ಪಿಗೆ ಮರಳಿದ ಧರ್ಮದ್ರೋಹಿ’, ಅಂದರೆ ಚರ್ಚಿನ ಬೋಧನೆಯನ್ನು ಹಟದಿಂದ ಧಿಕ್ಕರಿಸಿದವಳು. ಮೊದಲು ಸಿದ್ಧಪಡಿಸಿದ ಎಪ್ಪತ್ತು ಅಂಶಗಳ ಆರೋಪಪಟ್ಟಿಯಲ್ಲಿ ಮಾಟಮಂತ್ರದ ಮಾತುಗಳು ಇದ್ದವು, ನಿಜ. ಊರ ಹೊರಗಿನ ಯಕ್ಷಿಣಿಯರ ಮರದ ಬಗ್ಗೆ ಆಕೆಯನ್ನು ಮತ್ತೆ ಮತ್ತೆ ಕೇಳಿದ್ದೂ ನಿಜ. ಆದರೆ ಆ ಪಟ್ಟಿಯನ್ನು ಹನ್ನೆರಡು ಅಂಶಗಳಿಗೆ ಇಳಿಸುವಾಗ ಮಾಟದ ಆರೋಪ ನಿಲ್ಲದೆ ಬಿದ್ದುಹೋಯಿತು. ಉಳಿದದ್ದು ಆಕೆ ಕೇಳಿದ ದಿವ್ಯವಾಣಿಗಳು, ತಂದೆತಾಯಿಗಳ ಅನುಮತಿಯಿಲ್ಲದೆ ಮನೆ ಬಿಟ್ಟದ್ದು, ಚರ್ಚಿನ ತೀರ್ಮಾನಕ್ಕೆ ತಲೆಬಾಗಲು ಒಪ್ಪದ್ದು, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಗಂಡುಡುಗೆ ತೊಟ್ಟದ್ದು. ಹತ್ತೊಂಬತ್ತರ ಒಬ್ಬ ಹುಡುಗಿಯ ಪ್ರಾಣ ಕೊನೆಗೆ ಒಂದು ಉಡುಪಿನ ಮೇಲೆ ತೂಗುವ ಹಾಗೆ ಮಾಡಲಾಯಿತು ಎಂಬುದು ಮಾಟದ ಕಥೆಗಿಂತ ಭಯಾನಕವಾದ ಸಂಗತಿ. ‘ಮಾಟಗಾತಿ’ ಎಂದು ಬರೆದ ಕೂಡಲೇ ಓದುಗರು ಅದನ್ನು ಆ ಕಾಲದ ಮೂಢನಂಬಿಕೆಯ ಲೆಕ್ಕಕ್ಕೆ ಹಾಕಿ ಮುಂದೆ ಹೋಗುತ್ತಾರೆ. ಅಲ್ಲಿ ನಡೆದದ್ದು ಓದುಬರಹ ಬಲ್ಲ, ಕಾನೂನು ಬಲ್ಲ ವಿದ್ವಾಂಸರು ದಿನಾಂಕ ಹಾಕಿ, ಸಹಿ ಮಾಡಿ, ಮುದ್ರೆಯೊತ್ತಿ ಮಾಡಿದ ಕೆಲಸ.

ಆಕೆಯ ಬದುಕಿನ ಹೊರರೇಖೆ ತಮ್ಮ ಲೇಖನದಲ್ಲಿ ಸರಿಯಾಗಿಯೇ ಇದೆ. ಸುಮಾರು 1412ರಲ್ಲಿ ಮ್ಯೂಜ್ ನದಿಯ ದಡದ ದೋಂರೆಮಿಯಲ್ಲಿ ಜಾಕ್ ದಾರ್ಕ್ ಮತ್ತು ಇಸಬೆಲ್ ರೋಮೆ ದಂಪತಿಗಳ ಮಗಳಾಗಿ ಹುಟ್ಟಿದಳು. ಇಂಗ್ಲೆಂಡಿನೊಡನೆ ನಡೆಯುತ್ತಿದ್ದ ನೂರು ವರ್ಷಗಳ ಯುದ್ಧದಲ್ಲಿ ಫ್ರಾನ್ಸ್ ಆಗ ಸೋತು ಕುಸಿದಿತ್ತು. 1420ರ ಟ್ರಾಯ್ ಒಪ್ಪಂದವು ಯುವರಾಜ ಚಾರ್ಲ್ಸನ ಹಕ್ಕನ್ನು ತೆಗೆದುಹಾಕಿ ಸಿಂಹಾಸನವನ್ನು ಇಂಗ್ಲೆಂಡಿನ ರಾಜವಂಶಕ್ಕೆ ಬರೆದುಕೊಟ್ಟಿತ್ತು, ಬರ್ಗಂಡಿಯ ಡ್ಯೂಕ್ ಇಂಗ್ಲಿಷರ ಜೊತೆಗಿದ್ದ. ಹದಿಮೂರರ ವಯಸ್ಸಿನಲ್ಲಿ ಕೇಳತೊಡಗಿದ ವಾಣಿಗಳನ್ನು ಮಹಾದೂತ ಮಿಖಾಯೇಲ, ಸಂತ ಕ್ಯಾಥರೀನ್ ಮತ್ತು ಸಂತ ಮಾರ್ಗರೇಟರದೆಂದು ನಂಬಿದ ಜೋನ್, 1429ರ ಫೆಬ್ರುವರಿಯಲ್ಲಿ ವೋಕುಲರ್ ಕೋಟೆಯಿಂದ ಹೊರಟು, ಶತ್ರುಗಳ ಸೀಮೆಯನ್ನು ಹನ್ನೊಂದು ದಿನಗಳಲ್ಲಿ ದಾಟಿ ಶಿನೋನ್‌ನಲ್ಲಿದ್ದ ಚಾರ್ಲ್ಸನ ಬಳಿಗೆ ಬಂದಳು. ಏಪ್ರಿಲ್ 29ರಂದು ಆಕೆ ಓರ್ಲಿಯಾನ್ಸ್ ನಗರವನ್ನು ಹೊಕ್ಕಾಗ ಅಲ್ಲಿನ ಮುತ್ತಿಗೆಗೆ ಆರು ತಿಂಗಳು ದಾಟಿತ್ತು, ಮೇ 8ಕ್ಕೆ ಇಂಗ್ಲಿಷರು ಮುತ್ತಿಗೆ ಬಿಟ್ಟು ಹಿಂದೆ ಸರಿದರು. ಜೂನ್ 18ರಂದು ಪಾಟೇ ಬಯಲಿನಲ್ಲಿ ಅವರ ಸೈನ್ಯ ಚದುರಿಹೋಯಿತು. ಜುಲೈ 17ರಂದು ರೈಮ್ಸ್‌ನ ಮಹಾ ದೇವಾಲಯದಲ್ಲಿ ಚಾರ್ಲ್ಸನಿಗೆ ಪಟ್ಟವಾಯಿತು.

ಇಲ್ಲಿ ಒಂದು ಸಣ್ಣ ತಿದ್ದುಪಡಿ. ಲೇಖನದ ಜೊತೆಗಿನ ಚಿತ್ರದಲ್ಲಿ ಆಕೆ ಕತ್ತಿ ಬೀಸುತ್ತಿದ್ದಾಳೆ. ಕತ್ತಿ ಆಕೆಯ ಬಳಿ ಇತ್ತು, ಆದರೆ ಕತ್ತಿಗಿಂತ ತನ್ನ ಧ್ವಜವೇ ನಲವತ್ತು ಪಟ್ಟು ಪ್ರಿಯವೆಂದೂ, ಯಾರನ್ನೂ ಕೊಲ್ಲಬಾರದೆಂದೇ ದಾಳಿಯ ಹೊತ್ತಿನಲ್ಲಿ ಧ್ವಜ ಹಿಡಿಯುತ್ತಿದ್ದೆನೆಂದೂ, ತಾನು ಎಂದೂ ಯಾರನ್ನೂ ಕೊಂದಿಲ್ಲವೆಂದೂ ಆಕೆ ನ್ಯಾಯಾಲಯದಲ್ಲಿ ಹೇಳಿದ್ದಾಳೆ. ಓರ್ಲಿಯಾನ್ಸ್‌ನಲ್ಲಿ ಕತ್ತು ಮತ್ತು ಭುಜದ ನಡುವೆ ಬಾಣ ನೆಟ್ಟ ದಿನವೂ ಆಕೆ ಮತ್ತೆ ಕೋಟೆಯ ಕಂದಕದ ಬಳಿಗೆ ಹೋಗಿ ನಿಂತಳು. ಸೈನಿಕರಿಗೆ ಬಲ ಕೊಟ್ಟದ್ದು ಹಾಗೆ ನಿಂತದ್ದು.

1430ರ ಮೇ 23ರಂದು ಕೊಂಪಿಯೇನ್ ಊರಿನ ಹೊರಗೆ ಬರ್ಗಂಡಿಯವರು ಆಕೆಯನ್ನು ಸೆರೆಹಿಡಿದರು. ಆಮೇಲೆ ಹತ್ತು ಸಾವಿರ ಲಿವ್ರ್ ಹಣಕ್ಕೆ ಆಕೆಯನ್ನು ಇಂಗ್ಲಿಷರಿಗೆ ಒಪ್ಪಿಸಿದರು. ನ್ಯಾಯಾಧೀಶನಾಗಿ ಕುಳಿತವನು ಬೊವೇಯ ಬಿಷಪ್ ಪಿಯೆರ್ ಕೋಶೋನ್. ಹಿಂದಿನ ವರ್ಷ ಚಾರ್ಲ್ಸನ ಕಡೆಯವರು ಮುಂದುವರಿದಾಗ ತನ್ನ ಪೀಠವನ್ನೇ ಬಿಟ್ಟು ಓಡಬೇಕಾಗಿ ಬಂದಿದ್ದ ಈತ ಇಂಗ್ಲಿಷ್ ಅರಸನ ಸಲಹೆಗಾರನೂ ಆಗಿದ್ದ. ಚರ್ಚಿನ ನ್ಯಾಯಾಲಯದ ಕೈದಿಯನ್ನು ಚರ್ಚಿನ ಸೆರೆಮನೆಯಲ್ಲಿಡಬೇಕು, ಹೆಣ್ಣಾದರೆ ಹೆಂಗಸರ ಕಾವಲಿನಲ್ಲಿಡಬೇಕು. ಜೋನ್‌ಳನ್ನು ಇಂಗ್ಲಿಷರ ಕೋಟೆಯಲ್ಲಿ, ಕಾಲಿಗೆ ಬೇಡಿ ಹಾಕಿ, ಇಂಗ್ಲಿಷ್ ಸೈನಿಕರ ಕಾವಲಿನಲ್ಲಿ ಇಡಲಾಯಿತು. ವಾರಗಟ್ಟಲೆ ನಡೆದ ಪ್ರಶ್ನೋತ್ತರದಲ್ಲಿ ಆಕೆಯ ಪರವಾಗಿ ವಾದಿಸುವವರು ಒಬ್ಬರೂ ಇರಲಿಲ್ಲ. ತನ್ನನ್ನು ಪೋಪರ ಬಳಿಗೆ ಕರೆದೊಯ್ಯಿರಿ ಎಂದು ಆಕೆ ಕೇಳಿದಳು. ಪೋಪರು ಬಹಳ ದೂರದಲ್ಲಿದ್ದಾರೆ ಎಂಬ ಉತ್ತರ ಬಂತು.

ತಮ್ಮ ಓದುಗರು ಆಕೆಯ ಮಾತನ್ನು ಆಕೆಯ ಬಾಯಿಂದಲೇ ಕೇಳಬೇಕೆಂಬುದು ನನ್ನ ಆಸೆ. ತನಗೆ ‘ಎ’ ಅಕ್ಷರವೂ ತಿಳಿಯದು, ‘ಬಿ’ಯೂ ತಿಳಿಯದು ಎನ್ನುತ್ತಿದ್ದ ಹುಡುಗಿ ಈಕೆ. ಫೆಬ್ರುವರಿ 24ರಂದು ‘ನೀನು ದೇವರ ಕೃಪೆಯಲ್ಲಿದ್ದೀಯೆಂದು ನಿನಗೆ ಗೊತ್ತೆ?’ ಎಂದು ಕೇಳಿದರು. ಇದು ಬಲೆ. ಹೌದೆಂದರೆ ಅಹಂಕಾರ, ಏಕೆಂದರೆ ತಾನು ಕೃಪೆಯಲ್ಲಿದ್ದೇನೆಂದು ಯಾವ ಮನುಷ್ಯನೂ ಖಚಿತವಾಗಿ ಹೇಳಲಾರನೆಂಬುದು ಚರ್ಚಿನ ಬೋಧನೆ. ಇಲ್ಲವೆಂದರೆ ತಾನೇ ಪಾಪಿಯೆಂದು ಒಪ್ಪಿಕೊಂಡಂತೆ. ಆಕೆ ಹೇಳಿದ್ದು ಇಷ್ಟು: ‘ಇಲ್ಲದಿದ್ದರೆ ದೇವರು ನನ್ನನ್ನು ಅದರಲ್ಲಿ ಸೇರಿಸಲಿ, ಇದ್ದರೆ ಅದರಲ್ಲೇ ಉಳಿಸಲಿ.’ ಕೇಳಿದವರು ದಂಗಾದರೆಂದು ಅಲ್ಲಿದ್ದ ಲಿಪಿಕಾರನೊಬ್ಬ ಮುಂದೆ ಸಾಕ್ಷ್ಯ ನುಡಿದಿದ್ದಾನೆ. ಸಂತ ಮಾರ್ಗರೇಟ್ ಇಂಗ್ಲಿಷ್ ಮಾತಾಡುತ್ತಾಳೆಯೆ ಎಂದು ಕೇಳಿದಾಗ, ‘ಅವಳು ಇಂಗ್ಲಿಷರ ಕಡೆಯವಳೇ ಅಲ್ಲದ ಮೇಲೆ ಇಂಗ್ಲಿಷ್ ಯಾಕೆ ಮಾತಾಡಬೇಕು?’ ಎಂದಳು. ಮಿಖಾಯೇಲ ಬೆತ್ತಲೆಯಾಗಿದ್ದನೆ ಎಂಬ ಪ್ರಶ್ನೆಗೆ, ‘ಅವನಿಗೆ ಉಡಿಸಲು ದೇವರ ಬಳಿ ಏನೂ ಇಲ್ಲವೆಂದು ತಿಳಿದಿರಾ?’ ಎಂದಳು. ಏಳು ವರ್ಷ ತುಂಬುವ ಮೊದಲೇ ಇಂಗ್ಲಿಷರು ಓರ್ಲಿಯಾನ್ಸ್‌ಗಿಂತ ದೊಡ್ಡದೊಂದನ್ನು ಕಳೆದುಕೊಳ್ಳುವರೆಂದೂ ಆಕೆ ಮಾರ್ಚ್ ಒಂದರಂದು ಹೇಳಿದಳು. 1436ರ ಏಪ್ರಿಲ್‌ನಲ್ಲಿ ಪ್ಯಾರಿಸ್ ಅವರ ಕೈತಪ್ಪಿತು.

ಈಗ ಉಡುಪಿನ ವಿಷಯ. ಮೇ 24ರಂದು ಸೇಂಟ್ ಊಆನ್ ಸ್ಮಶಾನದಲ್ಲಿ, ಶಿಕ್ಷೆಯ ಮಾತು ಕಿವಿಗೆ ಬೀಳುತ್ತಿದ್ದಾಗ, ಆಕೆ ತಪ್ಪೊಪ್ಪಿಗೆಯ ಪತ್ರಕ್ಕೆ ಗುರುತು ಹಾಕಿದಳು. ಅದನ್ನು ಓದಿ ಹೇಳಿದ ಜಾನ್ ಮಾಸ್ಯೂ ಮುಂದೆ ನುಡಿದಂತೆ ಆ ಪತ್ರ ಕೆಲವೇ ಸಾಲುಗಳಷ್ಟು ಚಿಕ್ಕದಿತ್ತು. ಕಡತದಲ್ಲಿ ಸೇರಿರುವ ಪತ್ರ ಅದಕ್ಕಿಂತ ಎಷ್ಟೋ ಉದ್ದದ್ದು. ಜೀವಾವಧಿ ಸೆರೆಯೆಂದು ತೀರ್ಪಾಯಿತು. ಇನ್ನು ಚರ್ಚಿನ ಸೆರೆಮನೆಗೆ ಒಯ್ಯುತ್ತಾರೆಂದು ಆಕೆ ನಂಬಿದ್ದಳು. ಆದರೆ ಕೋಶೋನ್ ಆಕೆಯನ್ನು ಹಿಂದಿನ ಕೋಟೆಗೇ, ಹಿಂದಿನ ಕಾವಲುಗಾರರ ನಡುವೆಯೇ ಕಳಿಸಿದ. ನಾಲ್ಕು ದಿನಗಳಲ್ಲಿ ಆಕೆ ಮತ್ತೆ ಗಂಡುಡುಗೆಯಲ್ಲಿ ಕಂಡಳು. ಹೆಣ್ಣುಡುಗೆಯನ್ನು ಕಾವಲುಗಾರರೇ ತೆಗೆದುಕೊಂಡುಬಿಟ್ಟರೆಂದು ಮಾಸ್ಯೂ ಹೇಳಿದ, ಅವರ ಕೈಯಿಂದ ಮಾನ ಕಾಯ್ದುಕೊಳ್ಳಲು ಅದು ಬೇಕಾಗಿತ್ತೆಂದು ಬೇರೆ ಸಾಕ್ಷಿಗಳು ಹೇಳಿದರು. ಆಕೆಯೇ ಮೇ 28ರಂದು ಕೊಟ್ಟ ಕಾರಣ, ಗಂಡಸರ ನಡುವೆ ಇರುವಾಗ ಗಂಡುಡುಗೆಯೇ ಸರಿ ಎಂಬುದು, ಮತ್ತು ಪೂಜೆಗೆ ಬಿಡುತ್ತೇವೆ, ಬೇಡಿ ಬಿಚ್ಚುತ್ತೇವೆ ಎಂದು ಕೊಟ್ಟ ಮಾತನ್ನು ಅವರು ಉಳಿಸಿಕೊಳ್ಳಲಿಲ್ಲವೆಂಬುದು. ಜೀವಭಯದಿಂದ ವಾಣಿಗಳನ್ನು ಅಲ್ಲಗಳೆದದ್ದು ದ್ರೋಹವಾಯಿತೆಂದು ವಾಣಿಗಳೇ ತನಗೆ ಹೇಳಿದುವೆಂದೂ ಆಕೆ ನುಡಿದಳು. ಆ ಉತ್ತರದ ಪಕ್ಕದ ಅಂಚಿನಲ್ಲಿ ಲಿಪಿಕಾರ ಲ್ಯಾಟಿನ್ನಿನಲ್ಲಿ ಎರಡು ಪದ ಬರೆದಿದ್ದಾನೆ: ‘ಸಾವಿನ ಉತ್ತರ’. ಅಗತ್ಯ ಬಿದ್ದಾಗ ಹೆಣ್ಣು ಗಂಡುಡುಗೆ ತೊಡುವುದು ಪಾಪವಲ್ಲವೆಂದು ಚರ್ಚಿನ ಹಿರಿಯ ದೇವಶಾಸ್ತ್ರಜ್ಞ ಸಂತ ಥಾಮಸ್ ಅಕ್ವಿನಾಸ್ ಹದಿಮೂರನೆಯ ಶತಮಾನದಲ್ಲೇ ಬರೆದಿದ್ದರು. ಆ ಸಭೆಯಲ್ಲಿ ಕುಳಿತಿದ್ದ ದೇವಶಾಸ್ತ್ರಜ್ಞರಿಗೆ ಅದು ತಿಳಿದಿರಲಿಲ್ಲವೆಂದು ನಂಬಲು ನನ್ನಿಂದಾಗದು.

ಮೇ 30ರ ಬೆಳಗಿನ ಒಂದು ಸಂಗತಿಯನ್ನು ನನಗೆ ಇಂದಿಗೂ ಅರಗಿಸಿಕೊಳ್ಳಲಾಗಿಲ್ಲ. ಡೊಮಿನಿಕನ್ ಗುರು ಮಾರ್ತೆನ್ ಲಾದ್ವೆನ್ಯೂ ಆಕೆಯ ಪಾಪನಿವೇದನೆಯನ್ನು ಕೇಳಿ, ಪರಮಪ್ರಸಾದವನ್ನು, ಅಂದರೆ ಯೇಸುವಿನ ದೇಹವೆಂದು ಭಕ್ತರು ಸ್ವೀಕರಿಸುವ ಪವಿತ್ರ ರೊಟ್ಟಿಯನ್ನು, ಕೊಡಬಹುದೆ ಎಂದು ಕೋಶೋನ್‌ನನ್ನು ಕೇಳಿಸಿದ. ಕೋಶೋನ್ ಕೊಡಲು ಹೇಳಿದ. ಧರ್ಮದ್ರೋಹಿಗೆ ಪರಮಪ್ರಸಾದ ಸಲ್ಲದು. ಕೆಲವೇ ಗಂಟೆಗಳಲ್ಲಿ ಯಾರನ್ನು ಚರ್ಚಿನಿಂದ ಕಡಿದು ಎಸೆಯುವ ತೀರ್ಪನ್ನು ತಾನು ಓದಲಿದ್ದನೋ ಅವಳಿಗೇ ಈ ಬಿಷಪ್ ಅದನ್ನು ಕೊಡಿಸಿದ. ತೀರ್ಪಿನ ನಂತರ ಆಕೆಯನ್ನು ಲೌಕಿಕ ಅಧಿಕಾರಕ್ಕೆ ಒಪ್ಪಿಸಬೇಕು, ಆ ಅಧಿಕಾರಿ ಮರಣದಂಡನೆಯನ್ನು ವಿಧಿಸಬೇಕು; ಅಂಥ ಯಾವ ತೀರ್ಪನ್ನೂ ಓದದೆ ನೇರವಾಗಿ ಕಟ್ಟಿಗೆಯ ಕಡೆಗೆ ಒಯ್ದರೆಂದು ಕಣ್ಣಾರೆ ಕಂಡವರು ಹೇಳಿದ್ದಾರೆ. ಆಕೆ ಶಿಲುಬೆ ಕೇಳಿದಾಗ ಒಬ್ಬ ಇಂಗ್ಲಿಷ್ ಸೈನಿಕ ಕೈಗೆ ಸಿಕ್ಕ ಕಟ್ಟಿಗೆಯಿಂದಲೇ ಪುಟ್ಟ ಶಿಲುಬೆ ಮಾಡಿಕೊಟ್ಟ. ಇಸಾಂಬಾರ್ ದ ಲಾ ಪಿಯೆರ್ ಎಂಬ ಗುರು ಹತ್ತಿರದ ದೇವಾಲಯದಿಂದ ಶಿಲುಬೆಯನ್ನು ತಂದು, ಕೊನೆಯವರೆಗೂ ಕಾಣಲೆಂದು ಆಕೆಯ ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದ. ಹೊಗೆಯೊಳಗಿಂದ ‘ಯೇಸುವೇ’ ಎಂಬ ಕೂಗು ಹಲವು ಬಾರಿ ಕೇಳಿಸಿತು. ಬೂದಿಯನ್ನು ಸೇನ್ ನದಿಗೆ ಸುರಿದರು.

‘ಚರ್ಚು ಐದು ನೂರು ವರ್ಷಗಳ ನಂತರ ತಪ್ಪನ್ನು ಒಪ್ಪಿಕೊಂಡಿತು’ ಎಂಬ ಲೇಖನದ ಕೊನೆಯ ಸಾಲೂ ತಿದ್ದಬೇಕಾದದ್ದು. ಆಕೆ ಸಂತ ಪದವಿಗೇರಿದ್ದು 1920ರ ಮೇ 16ರಂದು, ಪೋಪ್ ಹದಿನೈದನೆಯ ಬೆನೆಡಿಕ್ಟರ ಕಾಲದಲ್ಲಿ. ಆದರೆ ತೀರ್ಪು ರದ್ದಾದದ್ದು ಅದಕ್ಕಿಂತ ಬಹಳ ಮೊದಲು, ಸತ್ತ ಇಪ್ಪತ್ತೈದೇ ವರ್ಷಗಳಲ್ಲಿ. 1455ರ ನವೆಂಬರ್ 7ರಂದು ವೃದ್ಧೆಯಾಗಿದ್ದ ತಾಯಿ ಇಸಬೆಲ್ ಪ್ಯಾರಿಸಿನ ನೋತ್ರ್ ದಾಮ್ ದೇವಾಲಯಕ್ಕೆ ಬಂದು, ಪೋಪ್ ಮೂರನೆಯ ಕ್ಯಾಲಿಕ್ಸ್ಟಸ್ ಕೊಟ್ಟ ಅನುಮತಿ ಪತ್ರವನ್ನು ಮುಂದಿಟ್ಟು, ಮಗಳಿಗೆ ನ್ಯಾಯ ಬೇಡಿದಳು. ದೋಂರೆಮಿಯ ರೈತರಿಂದ ಹಿಡಿದು ರೂವಾನ್‌ನ ಲಿಪಿಕಾರರವರೆಗೆ ನೂರಕ್ಕೂ ಹೆಚ್ಚು ಜನರ ಸಾಕ್ಷ್ಯ ದಾಖಲಾಯಿತು. ಘಂಟೆ ಬಾರಿಸುವುದನ್ನು ಮರೆತಾಗ ಪುಟ್ಟ ಜೋನ್ ತನ್ನನ್ನು ಬೈಯುತ್ತಿದ್ದಳು, ಸರಿಯಾಗಿ ಬಾರಿಸಿದರೆ ಉಣ್ಣೆ ಕೊಡುತ್ತೇನೆ ಎನ್ನುತ್ತಿದ್ದಳು ಎಂದು ಊರ ದೇವಾಲಯದ ಚಾಕರಿಯವನು ನೆನೆಸಿಕೊಂಡಿದ್ದು ಆ ಕಡತದಲ್ಲೇ ಇದೆ. 1456ರ ಜುಲೈ 7ರಂದು ಹಿಂದಿನ ವಿಚಾರಣೆಯನ್ನು ವಂಚನೆ ಮತ್ತು ಅನ್ಯಾಯದ್ದೆಂದು ರದ್ದುಗೊಳಿಸಲಾಯಿತು. ಧರ್ಮದ್ರೋಹಿಯ ಕೃಪೆಯಿಂದ ಪಟ್ಟವೇರಿದವನೆಂಬ ಮಾತನ್ನು ಅಳಿಸಿಕೊಳ್ಳುವ ಅಗತ್ಯ ಚಾರ್ಲ್ಸ್ ಅರಸನಿಗಿತ್ತು, ಆತ ಆಕೆ ಬದುಕಿದ್ದಾಗ ಬಿಡಿಸಿಕೊಳ್ಳಲು ಮುಂದೆ ಬಂದವನೂ ಅಲ್ಲ. ಈ ಎರಡನೆಯ ವಿಚಾರಣೆಯಲ್ಲೂ ರಾಜಕೀಯವಿತ್ತೆಂಬುದನ್ನು ಮರೆಮಾಚಬಾರದು. ಆದರೂ ತಾಯಿಯ ಮಾತು ರಾಜಕೀಯದ ಮಾತಾಗಿರಲಿಲ್ಲ. ಕೋಶೋನ್ ಅಷ್ಟರಲ್ಲಿ ಸತ್ತು ಹದಿಮೂರು ವರ್ಷಗಳಾಗಿದ್ದವು, ಯಾವ ಶಿಕ್ಷೆಯೂ ಅವನಿಗೆ ಆಗಲಿಲ್ಲ.

ಆದ್ದರಿಂದ ಮುಂದಿನ ಸಂಚಿಕೆಯಲ್ಲಿ ಈ ಎರಡು ತಿದ್ದುಪಡಿಗಳನ್ನು, ಅಂದರೆ ಆಕೆಯ ಮೇಲಿನ ತೀರ್ಪು ಧರ್ಮದ್ರೋಹದ್ದೇ ಹೊರತು ಮಾಟದ್ದಲ್ಲವೆಂಬುದನ್ನೂ, ಅದು 1456ರಲ್ಲೇ ರದ್ದಾಯಿತೆಂಬುದನ್ನೂ, ಲೇಖನಕ್ಕೆ ಕೊಟ್ಟಷ್ಟೇ ಕಾಣುವ ಜಾಗದಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ. ಸಾಧ್ಯವಾದರೆ ಫೆಬ್ರುವರಿ 24ರ ಆಕೆಯ ಉತ್ತರವನ್ನೂ ಜೊತೆಗೆ ಅಚ್ಚು ಹಾಕಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಇತಿಹಾಸ ಅಧ್ಯಾಪಕ