ಮೇಲೆ ಆಣೆ, ಕೆಳಗೆ ಭಜ್ಜಿ

ತಂಗೀ,

ನಿನ್ನ ಕಾದಂಬರಿಯ 180 ಪುಟ ಓದಿದೆ. ಕಲಬುರಗಿ ಬಿಸಿಲಲ್ಲಿ, ಕರೆಂಟ್ ಹೋದಾಗಲೂ ಕೈ ಬಿಡದೆ ಓದಿದೆ ಅಂದರೆ ನೀನೇ ತಿಳ್ಕೋ. ಜೊತೆಗಿನ ಕಾಗದದಲ್ಲಿ ನೀನು ಕೇಳಿದ ಕಾಗುಣಿತ, ಪ್ರಕಾಶಕರು, ಮುನ್ನುಡಿ, ಇವನ್ನೆಲ್ಲ ಯಾರನ್ನ ಕೇಳಿದರೂ ಹೇಳ್ತಾರೆ. ಆ ಕಾಗದದ ಕೊನೆಗೆ ಒಂದು ಸಾಲು ಬರೆದಿದ್ದೀಯಲ್ಲ, ಹಿಂದೆ ಏನು ಬರೆದೆ ಅಂತ ಹುಡುಕೋದರಲ್ಲೇ ದಿನ ಹೋಗ್ತದೆ, ಇನ್ನು ನನ್ನ ಕೈಲಿ ಆಗಲ್ಲ ಅಂತ, ಅದು ಚುಚ್ಚಿತು.

ಮೂರನೇ ಅಧ್ಯಾಯದಲ್ಲಿ, ತೊಗರಿ ಬಿತ್ತುವ ಹೊತ್ತಿಗೆ, ನಿನ್ನ ಶಾಂತವ್ವ ಅಣ್ಣನ ಮನೆ ನೀರೂ ಮುಟ್ಟಲ್ಲ ಅಂತ ಆಣೆ ಮಾಡ್ತಾಳೆ. ಕೊನೆಯ ಅಧ್ಯಾಯದಲ್ಲಿ, ಅದೇ ವರ್ಷ ಎಳ್ಳಮಾವಾಸ್ಯೆಗೆ ಅದೇ ಅಣ್ಣನ ಹೊಲದಲ್ಲಿ ಭೂತಾಯಿಗೆ ಚರಗ ಚೆಲ್ಲಿ, ಸಜ್ಜೆ ರೊಟ್ಟಿಗೆ ಕಾಳು-ಸೊಪ್ಪಿನ ಭಜ್ಜಿ ಹಚ್ಚಿಕೊಂಡು ತಿಂತಾಳೆ. ನಡುವೆ ಏನಾಯ್ತು? ಒಂದು ಮಾತಿಲ್ಲ. ಅವಳು ಕ್ಷಮಿಸಿದ್ದರೆ ಸರಿ. ಆದರೆ ಇಲ್ಲಿ ಮರೆತದ್ದು ಅವಳಲ್ಲ, ನೀನು.

ಹುಡುಕಾಟ ತಪ್ಪಬೇಕಾದರೆ ವರ್ಡ್‌ನಲ್ಲಿ ವ್ಯೂ ಟ್ಯಾಬ್‌ಗೆ ಹೋಗಿ ಸ್ಪ್ಲಿಟ್ ಒತ್ತು. ಪರದೆ ಅಡ್ಡಕ್ಕೆ ಎರಡಾಗ್ತದೆ, ಫೈಲ್ ಮಾತ್ರ ಒಂದೇ. ಮೇಲೆ ಆಣೆ, ಕೆಳಗೆ ಭಜ್ಜಿ. ನಡುವಿನ ಗೆರೆ ಎಳೆದು ಮೇಲಿನ ಭಾಗ ಚಿಕ್ಕದು ಮಾಡ್ಕೋ, ಸಾಕಾದಾಗ ಗೆರೆ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಹೋಗ್ತದೆ. ಕರ್ಸರ್ ಎಲ್ಲಿದೆ ನೋಡ್ಕೊಂಡು ಟೈಪ್ ಮಾಡು ಮಾರಾಯ್ತಿ, ಮೇಲಿರೋದು ಬೇರೆ ನಕಲಲ್ಲ, ಅಲ್ಲಿ ಅಳಿಸಿದರೆ ಕಾದಂಬರಿಯಲ್ಲೇ ಅಳಿಸಿಹೋಗ್ತದೆ. ಲಿಬ್ರೆಆಫೀಸ್ ರೈಟರ್ ಆದರೆ ಸ್ಪ್ಲಿಟ್ ಸಿಗಲ್ಲ. ವಿಂಡೋ ಮೆನುವಿನಲ್ಲಿ ನ್ಯೂ ವಿಂಡೋ ತೆಗೆದು ಎರಡನ್ನೂ ಮಗ್ಗುಲಲ್ಲಿ ಇಟ್ಕೋ.

ಇಷ್ಟಕ್ಕೇ ಕಾಗದ ಬರೀತಿಲ್ಲ. ನೀನು ಬರೆದ ಮಾತು ಕಣ್ಣೆದುರಿಗಿದ್ದಾಗ ಸುಳ್ಳು ಬರೆಯೋದು ಕಷ್ಟ. ಆಣೆ ಮಾಡಿದವಳ ಮುಂದೆಯೇ ಅವಳಿಗೆ ರೊಟ್ಟಿ ತಿನ್ನಿಸಬೇಕು ನೋಡು, ಆಗ ಆ ಮೊದಲ ತುತ್ತು ಗಂಟಲಲ್ಲಿ ಇಳಿಯಲ್ಲ, ಮತ್ತು ಆ ಇಳಿಯದ ತುತ್ತೇ ನಿನ್ನ ಕೊನೆಯ ಅಧ್ಯಾಯ. ಈಗ ಇರೋದು ಬರೀ ಹಬ್ಬದ ಊಟ.

ಇನ್ನೊಂದು. ಅರ್ಧ ಪರದೆಯಲ್ಲಿ ಬೇರೆಯವರ ಕಾದಂಬರಿ ತೆರೆದಿಟ್ಟು ಬರೀಬೇಡ. ಎರಡು ಬೇರೆ ಫೈಲನ್ನ ಅಕ್ಕಪಕ್ಕ ಇಟ್ಟು ಒಟ್ಟಿಗೇ ಸರಿಸೋ ಸೌಲಭ್ಯವೂ ವರ್ಡ್‌ನಲ್ಲಿದೆ. ನಿನ್ನ ಹಳೇ ಕರಡು, ಹೊಸ ಕರಡು ಹೋಲಿಸೋಕೆ ಅದು ಒಳ್ಳೇದು, ಅಷ್ಟಕ್ಕೇ ಇರಲಿ. ನಮ್ಮ ಕಾಲದಲ್ಲೊಬ್ಬ ಮಹಾನುಭಾವ ಇದ್ದ, ಕಂಪ್ಯೂಟರ್ ಇಲ್ಲದಾಗಲೂ ಎಡಗಡೆ ಇನ್ನೊಬ್ಬರ ಪುಸ್ತಕ ಬಿಚ್ಚಿಟ್ಟುಕೊಂಡೇ ಬರೀತಿದ್ದ. ಶಾಲು, ಹಾರ ಎಲ್ಲ ಅವನಿಗೇ. ಹೆಸರು ಬೇಡ ಬಿಡು, ಈಗಲೂ ನೆನೆದರೆ ಮೈ ಉರೀತದೆ.

ವಾಟ್ಸ್‌ಆ್ಯಪ್‌ನಲ್ಲಿ ಗೆಳತಿಯರು ಸೂಪರ್ ಅಂದದ್ದನ್ನೂ ಪಕ್ಕಕ್ಕೆ ಇಟ್ಕೋಬೇಡ. ಬೈದದ್ದೂ ಬೇಡ, ನನ್ನ ಈ ಕಾಗದ ಸೇರಿ.

ನಿನ್ನ ಗದ್ಯಕ್ಕೆ ಕಿವಿ ಇದೆ, ಅದನ್ನ ಕಲಿಸೋಕಾಗಲ್ಲ. ಮೂರನೇ ಅಧ್ಯಾಯ ಮುಟ್ಟಬೇಡ. ಕೊನೆಯದು ಪೂರ್ತಿ ಹೊಸದಾಗಿ ಬರೆದು ಕಳಿಸು, ಮತ್ತೆ ಸರ್ ಅಂತ ಬರೆದರೆ ಓದಲ್ಲ. ಹಾಂ, ಆ ಅಣ್ಣನಿಗೊಂದು ಹೆಸರಿಡು ತಾಯಿ, ಇಷ್ಟೂ ಪುಟದಲ್ಲಿ ಅವನು ಬರೀ ಅಣ್ಣ.

ನಿನ್ನ
ಕಾಕಾ