ಆಯಿಗೆ, ಕುಯ್ಸೆಬ್ ಹೊಳೆಯ ದಂಡೆಯಿಂದ

ಗೊಬಾಬೆಬ್, ನಮೀಬಿಯಾ
ಮಾರ್ಚ್ 9

ಪ್ರೀತಿಯ ಆಯಿಗೆ ನಮಸ್ಕಾರ. ನಾನಿಲ್ಲಿ ಆರಾಮ. ಅತ್ತೆ, ಸುಮಾ, ರಾಘು ಎಲ್ಲರನ್ನೂ ಕೇಳಿದೆ ಅಂತ ಹೇಳು.

ನಿನ್ನ ಪತ್ರದ ಫೋಟೊ ಸುಮಾ ಕಳಿಸಿದ್ದಳು. ಮೂರೂವರೆ ಪುಟ ಮಾರಿಕಾಂಬೆ ಜಾತ್ರೆ, ಅಡಿಕೆ ರೇಟು, ಕೊಟ್ಟಿಗೆ ಸುದ್ದಿ. ಕೊನೆಗೆ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ, ಅಪ್ಪಯ್ಯನ ಕಾಲು ಸಂಜೆ ಹೊತ್ತಿಗೆ ಬಾತುಕೊಳ್ತದೆ, ಬೆರಳಲ್ಲಿ ಒತ್ತಿದರೆ ಕುಳಿ ಹಾಗೇ ನಿಲ್ತದೆ, ತೋಟದಿಂದ ಮೇಲೆ ಬರುವಾಗ ಎರಡು ಕಡೆ ಕೂತು ಬರ್ತಾರೆ ಅಂತ. ಆಯಿ, ಅದನ್ನೇ ಅಲ್ವಾ ಮೊದಲು ಬರೆಯಬೇಕಿದ್ದು? ಕುಳಿ ನಿಲ್ತದೆ ಅಂದರೆ ಕಾಲಲ್ಲಿ ನೀರು ತುಂಬಿದೆ. ಹೃದಯದ್ದೋ, ಕಿಡ್ನಿಯದ್ದೋ, ಮತ್ತೊಂದೋ, ಪರೀಕ್ಷೆ ಮಾಡಿಸದೆ ತಿಳಿಯುವುದಿಲ್ಲ. ಗ್ಯಾಸ್ ಅಂತ ಕಷಾಯ ಕುಡಿದು ಮಲಗುವ ವಿಷಯ ಅಲ್ಲ ಇದು.

ರಾಘು ಸೋಮವಾರ ಶಿರಸಿಗೆ ಕರ್ಕೊಂಡು ಹೋಗ್ತಾನೆ. ರಕ್ತ, ಮೂತ್ರ, ಇಸಿಜಿ ಅಲ್ಲೇ ಆಗ್ತದೆ. ಡಾಕ್ಟರು ಮುಂದೆ ಕಳಿಸಿದರೆ ಮಣಿಪಾಲವೋ ಹುಬ್ಬಳ್ಳಿಯೋ, ಅವತ್ತೇ ಹೊರಡಿ. ನಮ್ಮ ಜಿಲ್ಲೆಯವರಿಗೆ ದೊಡ್ಡ ಆಸ್ಪತ್ರೆ ಅಂದರೆ ಯಾವಾಗಲೂ ಘಟ್ಟ ಇಳಿದೋ ಬಯಲುಸೀಮೆ ಹತ್ತಿಯೋ ಹೋಗಬೇಕು, ಇದಕ್ಕೆ ನನಗೆ ಎಷ್ಟು ಸಿಟ್ಟು ಬರ್ತದೆ ಅಂದರೆ ಹೇಳಲಾರೆ. ನಲವತ್ತು ಸಾವಿರ ಹಾಕಿದ್ದೇನೆ. ಇನ್ನೂ ಬೇಕಾದರೆ ಇದೆ, ನಿಜವಾಗಿ ಇದೆ, ನನಗೇನೂ ಕಷ್ಟ ಇಲ್ಲ.

ಹೊಳೆಯೇ ಹರಿಯದ ಜಾಗದಲ್ಲಿ ಹೊಳೆ ಅಳೆಯುವ ಕೆಲಸ ಎಂಥದು ಅಂತ ಅಪ್ಪಯ್ಯ ಕೇಳಿದರಂತೆ. ಈ ಭಾಗ ಅವರಿಗೆ ಓದಿ ಹೇಳು.

ಕುಯ್ಸೆಬ್ ಹುಟ್ಟುವುದು ಒಳನಾಡಿನ ಎತ್ತರದ ಸೀಮೆಯಲ್ಲಿ. ಅಲ್ಲಿ ಮಳೆ ಬಂದರೆ ಇಲ್ಲಿಗೆ ನೀರು. ಸಾಮಾನ್ಯವಾಗಿ ವರ್ಷದಲ್ಲಿ ಕೆಲವು ದಿನ, ಕೆಲವೊಮ್ಮೆ ಕೆಲವು ವಾರ. ಉಳಿದಂತೆ ಬರೀ ಮರಳಿನ ಪಾತ್ರ, ದಡದಲ್ಲಿ ಜಾಲಿ ಜಾತಿಯ ಮರಗಳು. ಗೊಬಾಬೆಬ್‌ನಲ್ಲಿ ವರ್ಷದ ಮಳೆ 25 ಮಿಲಿಮೀಟರ್ ಆಸುಪಾಸು. ನಮ್ಮಲ್ಲಿ ಆಷಾಢದ ಒಂದು ಮಧ್ಯಾಹ್ನ ಅಷ್ಟು ಸುರಿಯುತ್ತದೆ.

ಪಾತ್ರದ ದಕ್ಷಿಣಕ್ಕೆ ಕೆಂಪು ಮರಳುದಿಬ್ಬಗಳು, ಕಣ್ಣು ಹಾಯುವಷ್ಟು ದೂರ. ಉತ್ತರಕ್ಕೆ ಬರೀ ಕಲ್ಲುಚೂರಿನ ಬಯಲು, ಒಂದು ದಿಬ್ಬವೂ ಇಲ್ಲ. ನಡುವೆ ಇರುವುದು ಈ ಒಣಹೊಳೆ ಮಾತ್ರ. ದಕ್ಷಿಣದ ಗಾಳಿ ವರ್ಷದ ಹೆಚ್ಚಿನ ಕಾಲ ದಿಬ್ಬಗಳನ್ನು ಹೊಳೆಯ ಕಡೆಗೆ ತಳ್ಳುತ್ತದೆ. ಪಾತ್ರದೊಳಗೆ ಬಿದ್ದ ಮರಳನ್ನು ನೆರೆ ಬಂದು ಕೊಚ್ಚಿಕೊಂಡು ಹೋಗುತ್ತದೆ. ಮತ್ತೆ ಗಾಳಿ ತುಂಬಿಸುತ್ತದೆ. ಸಮುದ್ರದ ಹತ್ತಿರ ನೆರೆಗೆ ಬಲ ಉಳಿಯುವುದಿಲ್ಲ, ನೀರೆಲ್ಲ ಮರಳೇ ಕುಡಿದಿರುತ್ತದೆ. ಅಲ್ಲಿ ದಿಬ್ಬಗಳು ಹೊಳೆ ದಾಟಿ ಆಚೆಗೆ ಹೋಗಿವೆ.

ಈ ಮರಳು ಬಂದ ದಾರಿ ಕೇಳಿದರೆ ಅಪ್ಪಯ್ಯ ನಂಬುವುದಿಲ್ಲ. ದೂರದ ಲೆಸೊಥೊ ಬೆಟ್ಟಗಳ ಕಲ್ಲು ಸವೆದು ಆರೆಂಜ್ ಹೊಳೆಗೆ ಬೀಳುತ್ತದೆ. ಹೊಳೆ ಅದನ್ನು ಅಟ್ಲಾಂಟಿಕ್ ಸಮುದ್ರಕ್ಕೆ ಹಾಕುತ್ತದೆ. ಅಲೆಗಳು ದಡದುದ್ದಕ್ಕೂ ಉತ್ತರಕ್ಕೆ ತಳ್ಳುತ್ತವೆ. ಆಮೇಲೆ ಗಾಳಿ ಅದನ್ನು ಎತ್ತಿ ಒಳನಾಡಿಗೆ ತರುತ್ತದೆ. ನೀರು ಒಯ್ದದ್ದನ್ನು ಗಾಳಿ ವಾಪಸ್ ತಂದು ಗುಡ್ಡ ಹಾಕಿದೆ. ಇಲ್ಲಿ ಸೇರಿದ ಮರಳು 10 ಲಕ್ಷ ವರ್ಷಕ್ಕೂ ಹೆಚ್ಚು ಕಾಲದಿಂದ ಇಲ್ಲೇ ಸುತ್ತುತ್ತಿದೆ ಅಂತ 2010ರಲ್ಲಿ ಲೆಕ್ಕ ಹಾಕಿದ್ದಾರೆ.

ನನ್ನ ಕೆಲಸ ಅಂದರೆ, ಒಂದು ಕಂಬಕ್ಕೆ ಪಾದದ ಹತ್ತಿರ, ಮೊಣಕಾಲೆತ್ತರದಲ್ಲಿ, ಎದೆಯೆತ್ತರದಲ್ಲಿ ಡಬ್ಬಿ ಕಟ್ಟಿದ್ದೇವೆ. ಗಾಳಿ ಬೀಸಿದ ಮಾರನೇ ದಿನ ಬಿಚ್ಚಿ ತೂಗುತ್ತೇನೆ. ಕೆಳಗಿನ ಡಬ್ಬಿ ಭಾರ. ಮರಳಿನ ಕಾಳು ಹಾರುವುದಿಲ್ಲ, ಕುಪ್ಪಳಿಸುತ್ತದೆ. ಒಂದು ಬಿದ್ದು ಇನ್ನೊಂದನ್ನು ಎಬ್ಬಿಸುತ್ತದೆ. ಎದೆಯೆತ್ತರದ ಡಬ್ಬಿಯಲ್ಲಿ ಅಕ್ಕಿಹಿಟ್ಟಿನಂಥ ಧೂಳು, ಒಂದು ಚಿಟಿಕೆ. ಅದು ನೆರೆ ಬಿಟ್ಟುಹೋದ ಗೋಡು, ನುಣ್ಣನೆ ಕೆಸರು. ಒಣಗಿ ಬಿರಿದು, ಹಪ್ಪಳದ ಹಾಗೆ ಅಂಚು ಮಡಚಿಕೊಳ್ಳುತ್ತದೆ. ಚಳಿಗಾಲದಲ್ಲಿ ಮೂಡಣದ ಬಿಸಿಗಾಳಿ ಬೀಸಿದರೆ ಆ ಧೂಳು ಸಮುದ್ರದ ಮೇಲೆಲ್ಲ ಹೋಗುತ್ತದೆ.

ಹೋದ ಗುರುವಾರ ನೆರೆ ಬಂತು ಆಯಿ! ಅಬ್ಬರ ಇಲ್ಲ. ಮನುಷ್ಯ ನಡೆಯುವಷ್ಟೇ ವೇಗ. ಮುಂದೆ ಕಂದು ನೊರೆ, ಕಡ್ಡಿ, ಒಣಎಲೆ, ಆಡಿನ ಹಿಕ್ಕೆ. ನೀರು ಒಣಮರಳಿಗೆ ಮುಟ್ಟಿದಲ್ಲೆಲ್ಲ ಗುಳ್ಳೆ ಏಳುತ್ತಿತ್ತು. ಹೊಳೆದಂಡೆಯಲ್ಲಿ ಆಡು ಮೇಯಿಸಿಕೊಂಡು ಬದುಕುವ ತೊಪ್ನಾರ್ ಜನ ಮಕ್ಕಳನ್ನು ಕರೆದುಕೊಂಡು ಬಂದಿದ್ದರು. ಅವರ ಬಾವಿಗೆ ನೀರು ಬರುವುದು ಇದರಿಂದಲೇ. ನಾನು ಬಾಟಲಿಯಲ್ಲಿ ನೀರು ಹಿಡಿದು ನಿಲ್ಲಿಸಿದೆ. ಬೆಳಿಗ್ಗೆ ನೋಡಿದರೆ ತಳದಲ್ಲಿ ಎರಡು ಬೆರಳು ಕೆಸರು.

ಅದನ್ನು ನೋಡಿ ನಮ್ಮ ತೋಟವೇ ನೆನಪಾಯಿತು. ಮಳೆಗಾಲದಲ್ಲಿ ಅಪ್ಪಯ್ಯ ಕಂಬಳಿ ಹೊದ್ದು ತೋಟದ ಕಾಲುವೆಯ, ಆ ಕಾದಿಗೆಯ, ಗೋಡು ಎತ್ತಿ ಅಡಿಕೆ ಬುಡಕ್ಕೆ ಹಾಕುತ್ತಿದ್ದರು. ಬಿಟ್ಟರೆ ನಮ್ಮ ಮಣ್ಣು ಅಘನಾಶಿನಿ ಹೊಳೆ ಸೇರಿ ತದಡಿಯ ಸಮುದ್ರಕ್ಕೆ ಹೋಗ್ತದೆ ಅನ್ನುತ್ತಿದ್ದರು. ಕಾದಿಗೆ ಕಟ್ಟಿಕೊಂಡರೆ ಒಂದು ದಿನ ತಡೆಯುವವರಲ್ಲ. ತಮ್ಮ ಕಾಲಿಗೆ ಮಾತ್ರ ಯುಗಾದಿ ಕಳೀಲಿ ಅಂತಾರಲ್ಲ! ಅಪ್ಪಯ್ಯ, ದಯವಿಟ್ಟು ಕಳೆಯುವುದು ಬೇಡ. ಅಡಿಕೆ ಸುಲಿಯುವುದು ರಾಘು ನೋಡಿಕೊಳ್ತಾನೆ.

ಆಯಿ, ಡಾಕ್ಟರು ನೋಡುವವರೆಗೆ ಅವರಿಗೆ ಉಪ್ಪು ಕಮ್ಮಿ ಮಾಡು. ಅಪ್ಪೆಮಿಡಿ ಭರಣಿ ಅಟ್ಟಕ್ಕೆ ಹಾಕು, ಬೈದರೆ ನನ್ನ ಹೆಸರು ಹೇಳು. ರಾತ್ರಿ ಮಲಗಿದಾಗ ಉಸಿರು ಕಟ್ಟಿದ ಹಾಗೆ ಆಗಿ ಎದ್ದು ಕೂರ್ತಾರಾ, ನೋಡು. ಹಾಗಿದ್ದರೆ ಸೋಮವಾರದವರೆಗೂ ಕಾಯಬೇಡಿ. ಹಳೇ ಚೀಟಿ, ಮಾತ್ರೆ ಎಲ್ಲ ಒಂದೇ ಚೀಲದಲ್ಲಿ ಹಾಕಿಡು.

ನನ್ನ ಬಗ್ಗೆ ಒಂಚೂರೂ ಚಿಂತೆ ಬೇಡ. ಊಟ ಚೆನ್ನಾಗಿದೆ, ಅನ್ನ ಮಾಡಿಕೊಳ್ತೇನೆ, ಹಾವು ಚೇಳು ಅಂತ ಹೆದರಬೇಡ, ಬೂಟು ಕೊಡವಿಯೇ ಹಾಕಿಕೊಳ್ತೇನೆ. ಬೆಳಿಗ್ಗೆ ದಪ್ಪ ಮಂಜು ಬರುತ್ತದೆ, ತಂಪಾಗಿರುತ್ತದೆ. ಇಲ್ಲೊಂದು ಕಪ್ಪು ಹುಳ ದಿಬ್ಬದ ನೆತ್ತಿಯಲ್ಲಿ ತಲೆಕೆಳಗಾಗಿ ನಿಂತು, ಬೆನ್ನ ಮೇಲೆ ಇಳಿದ ಮಂಜನ್ನು ಬಾಯಿಗೆ ಹರಿಸಿಕೊಂಡು ಕುಡಿಯುತ್ತದೆ. ಸುಮಾಗೆ ಫೋಟೊ ಕಳಿಸ್ತೇನೆ.

ವಾಲ್ವಿಸ್ ಬೇಗೆ ಹೋಗುವ ಗಾಡಿ ಹಾರನ್ ಹಾಕ್ತಿದೆ, ನೆರೆಯ ಕೆಸರಿನ ಬಾಟಲಿ ಕಳಿಸಬೇಕು. ನಮಗಿಂತ ನೀವು ಮೂರೂವರೆ ತಾಸು ಮುಂದೆ. ಸೋಮವಾರ ನಾನು ಬೆಳಗಿನ ಜಾವದಿಂದಲೇ ಎದ್ದಿರ್ತೇನೆ, ಇಸಿಜಿ ಆದ ಕೂಡಲೇ ರಾಘು ಫೋನ್ ಮಾಡಲಿ.

ನಿನ್ನ ಮಗಳು,
ಶೈಲಾ