ಬಸ್ಸಿನಲ್ಲಿರುವ ಮಗಳಿಗೆ

ಪುಟ್ಟೀ,

ನಿನ್ನೆ ರಾತ್ರಿ ಫೋನಿನಲ್ಲಿ ನಾನು ಆ ಮಾತು ಆಡಬಾರದಿತ್ತು. "ಹಾಗಾದ್ರೆ ಆಟ ಬಿಟ್ಟು ಮನೆಗೆ ಬಂದುಬಿಡು" ಅಂದೆ. ನೀನು ಸುಮ್ಮನಾದೆ, ಆಮೇಲೆ ಫೋನ್ ಇಟ್ಟುಬಿಟ್ಟೆ. ಮೂರು ಸಲ ಮಾಡಿದೆ, ನೀನು ಎತ್ತಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ರೋಜರ್ಸ್ ಪಾಸ್ ಬೆಟ್ಟದ ದಾರಿ ಮುಚ್ಚಿದ್ದಾರೆ. ಸೈನ್ಯದವರು ಫಿರಂಗಿ ಹಾರಿಸಿ ಬೆಟ್ಟದ ಮೇಲೆ ಕೂತಿರುವ ಹಿಮವನ್ನು ಕೆಳಗೆ ಬೀಳಿಸಬೇಕು, ಬಿದ್ದದ್ದನ್ನು ಬಳಿದು ರಸ್ತೆ ಬಿಡಬೇಕು. ಅಲ್ಲಿವರೆಗೆ ನಾವೆಲ್ಲ ಗೋಲ್ಡನ್‌ನಲ್ಲಿ ಸಾಲಾಗಿ ಟ್ರಕ್ ನಿಲ್ಲಿಸಿಕೊಂಡು ಕಾಯುವುದೇ ಕೆಲಸ. ಬರೆದು ಮುಗಿಸಿ ಹಾಳೆಗಳ ಫೋಟೋ ತೆಗೆದು ಕಳಿಸುತ್ತೇನೆ. ಕನ್ನಡದಲ್ಲೇ ಬರೆಯುತ್ತೇನೆ. ಇಂಗ್ಲಿಷಾದರೆ ನೀನು ಕಣ್ಣಾಡಿಸಿ ಬಿಡುತ್ತೀ, ಕನ್ನಡವಾದರೆ ಒಂದೊಂದೇ ಅಕ್ಷರ ಕೂಡಿಸಿ ಓದುತ್ತೀ. ನನಗೆ ಹಾಗೆ ಓದಿದರೇ ಬೇಕು.

ಊರಿಗೊಂದರಂತೆ ನಾಲ್ಕು ಐಸ್ ಹಾಕಿ ಪಂದ್ಯ, ನಾಲ್ಕೂ ಸೋಲು. ಮೆಡಿಸಿನ್ ಹ್ಯಾಟ್, ಸ್ವಿಫ್ಟ್ ಕರೆಂಟ್, ಮೂಸ್ ಜಾ, ಈಗ ರಿಜೈನಾ. ಇನ್ನೊಬ್ಬ ಗೋಲ್‌ಕೀಪರ್ ಹುಡುಗಿಗೆ ಮೊಣಕಾಲು ನೋವು, ಅದಕ್ಕೇ ನಾಲ್ಕಕ್ಕೂ ನೀನೇ ನಿಂತೆ. ಆರು ಜನಕ್ಕೆ ವಾಂತಿ, ಬಸ್ಸಿನ ಹಿಂದಿನ ಅರ್ಧಕ್ಕೆ ಹೀಟರ್ ಇಲ್ಲ, ಒಣಗದ ಪ್ಯಾಡನ್ನೇ ಮಾರನೇ ದಿನ ಮತ್ತೆ ಕಟ್ಟಿಕೊಳ್ಳಬೇಕು. ಇದನ್ನೆಲ್ಲ ನೀನು ಹೇಳಿದೆ, ನಾನು ಕೇಳಿಸಿಕೊಂಡೆ. ಕೇಳಿಸಿಕೊಂಡವನು "ಪಾಪ ಮಗೂ" ಅಂತ ಒಂದು ಮಾತು ಅನ್ನಬೇಕಿತ್ತು. ಅನ್ನಲಿಲ್ಲ.

ರಿಜೈನಾದಲ್ಲಿ ಏಳು ಗೋಲ್ ಬಿಟ್ಟೆ ಅಂತ ಅತ್ತೆ. ನಾನು ಆ ಪಂದ್ಯ ಪೂರ್ತಿ ನೋಡಿದ್ದೇನೆ ಕಣಮ್ಮ, ಫೋನನ್ನು ಸ್ಟಿಯರಿಂಗಿಗೆ ಒರಗಿಸಿಟ್ಟುಕೊಂಡು. ಗಾಡಿ ನಿಂತಿತ್ತು, ಗಾಬರಿಯಾಗಬೇಡ. ನಿನ್ನ ಕಡೆಗೆ ಬಂದ ಹೊಡೆತಗಳನ್ನು ಒಂದು ಹಾಳೆಯಲ್ಲಿ ಗೆರೆ ಎಳೆದು ಎಣಿಸಿದೆ. ನಲವತ್ತೊಂದು. ಅದರಲ್ಲಿ ಮೂವತ್ತನಾಲ್ಕನ್ನು ನೀನು ತಡೆದೆ. ಎರಡನೇ ಪೀರಿಯಡ್‌ನಲ್ಲಿ ನಿಮ್ಮವರು ಇಬ್ಬರು ತಪ್ಪಿಗೆ ಆಟದಿಂದ ಹೊರಗೆ ಪೆನಲ್ಟಿ ಬಾಕ್ಸಿನಲ್ಲಿ ಕೂತಿದ್ದಾಗ, ಬಲಗಡೆಯಿಂದ ಬಂದ ಪಕ್ ಬಿಲ್ಲೆಯನ್ನು ಕಾಲು ಚಾಚಿ ನಿಲ್ಲಿಸಿದೆಯಲ್ಲ, ಆಗ ಪಕ್ಕದ ಟ್ರಕ್ಕಿನವನ ಕಿಟಕಿ ಬಡಿದು ಕರೆದು ತೋರಿಸಿದೆ. "ನನ್ನ ಮಗಳು" ಅಂದೆ. ಅವನಿಗೆ ಹಾಕಿ ಗೊತ್ತಿಲ್ಲ, ಆದರೂ ಕೊನೆಯವರೆಗೆ ನಿಂತು ನೋಡಿದ. ಇದನ್ನು ಫೋನಿನಲ್ಲಿ ಮೊದಲು ಹೇಳಿಬಿಟ್ಟಿದ್ದರೆ ಜಗಳವೇ ಆಗುತ್ತಿರಲಿಲ್ಲವೋ ಏನೋ.

ಆಟ ಬಿಡು ಅಂದದ್ದು ನೀನು ಏಳು ಗೋಲ್ ಬಿಟ್ಟೆ ಅಂತ ಅಲ್ಲ. ಮಧ್ಯದಲ್ಲಿ ನೀನು ಇನ್ನೊಂದು ಮಾತು ಹೇಳಿದೆ. "ಬ್ರ್ಯಾಂಡನ್‌ಗೆ ನಾಳೆ ರಾತ್ರಿಯೇ ಹೊರಡಬೇಕಂತೆ, ಹೊರಗೆ ಹಿಮ ಬೀಳ್ತಿದೆ" ಅಂದೆ. ಅಲ್ಲಿಂದ ಮುಂದೆ ನನಗೆ ನಿನ್ನ ಮಾತು ಸರಿಯಾಗಿ ಕಿವಿಗೇ ಬೀಳಲಿಲ್ಲ.

2018ರ ಏಪ್ರಿಲ್ 6 ನಿನಗೂ ನೆನಪಿದೆ. ನಿನಗಾಗ ಹತ್ತು ವರ್ಷ. ಸತ್ತ ಹುಡುಗರ ನೆನಪಿಗೆ ನೀನು ಬಾಗಿಲ ಹೊರಗೆ ಇಟ್ಟ ಹಾಕಿ ಸ್ಟಿಕ್ಕಿನ ವಿಷಯ ಬರೆಯುವುದಿಲ್ಲ, ಅದು ನಮ್ಮಿಬ್ಬರಿಗೂ ಗೊತ್ತು. ನಿನಗೆ ಗೊತ್ತಿಲ್ಲದ್ದನ್ನು ಬರೆಯುತ್ತೇನೆ.

ಹಂಬೋಲ್ಟ್ ಊರಿನ ಹಾಕಿ ತಂಡದ ಹುಡುಗರ ಬಸ್ಸು 35ನೇ ಹೆದ್ದಾರಿಯಲ್ಲಿ ನಿಪಾವಿನ್ ಕಡೆಗೆ, ಪ್ಲೇಆಫ್ ಪಂದ್ಯಕ್ಕೆ ಹೋಗುತ್ತಿತ್ತು. 335ನೇ ರಸ್ತೆಯಿಂದ ಎರಡು ಟ್ರೈಲರ್ ಎಳೆದುಕೊಂಡು ಬಂದ ಟ್ರಕ್ಕು ಕೂಡುರಸ್ತೆಯಲ್ಲಿ ನಿಲ್ಲಲಿಲ್ಲ. ಬಸ್ಸಿನಲ್ಲಿದ್ದ 29 ಜನರಲ್ಲಿ 16 ಜನ ಹೋದರು. ಪ್ಲೇಆಫ್ ಅಂತ ಹುಡುಗರೆಲ್ಲ ಕೂದಲಿಗೆ ಒಂದೇ ಥರ ಹೊಂಬಣ್ಣ ಹಚ್ಚಿಸಿಕೊಂಡಿದ್ದರು. ಅದರಿಂದ ಗುರುತು ಹಿಡಿಯುವುದರಲ್ಲಿ ತಪ್ಪಾಯಿತು. ಒಂದು ಮನೆಯವರು ಬದುಕಿದ್ದಾನೆ ಅಂದುಕೊಂಡಿದ್ದ ಮಗ ಹೋಗಿಬಿಟ್ಟಿದ್ದ, ಹೋದ ಅಂತ ಅತ್ತವರ ಮಗ ಆಸ್ಪತ್ರೆಯಲ್ಲಿದ್ದ. ಹೋದ ವಾರ ನಿಮ್ಮ ತಂಡದವರೆಲ್ಲ ಒಂದೇ ಥರ ಜಡೆ ಹೆಣೆದುಕೊಂಡು ಬಸ್ಸಿನ ಮುಂದೆ ನಿಂತ ಫೋಟೋ ಕಳಿಸಿದೆ. ಅಮ್ಮ ಎಷ್ಟು ಚೆನ್ನಾಗಿದೆ ಅಂದಳು. ನಾನು ಫೋನ್ ಮಗುಚಿಟ್ಟುಬಿಟ್ಟೆ.

ಆ ಟ್ರಕ್ಕಿನವನ ಬಗ್ಗೆ ನ್ಯಾಯಾಲಯದಲ್ಲಿ ಬಂದದ್ದನ್ನೆಲ್ಲ ನಾನು ಓದಿದ್ದೇನೆ. ಹೊರೆಯ ಮೇಲಿನ ಟಾರ್ಪಾಲು ಸಡಿಲವಾಗಿ ಪಟಪಟ ಬಡಿಯುತ್ತಿತ್ತು. ಅವನು ಕನ್ನಡಿಯಲ್ಲಿ ಅದನ್ನೇ ನೋಡುತ್ತಿದ್ದ. ನಾಲ್ಕು ಎಚ್ಚರಿಕೆ ಫಲಕ ದಾಟಿದ, ಮಿನುಗುವ ದೀಪವಿದ್ದ ದೊಡ್ಡ ಸ್ಟಾಪ್ ಫಲಕವನ್ನೂ ದಾಟಿದ. ತಪ್ಪು ಒಪ್ಪಿಕೊಂಡ, 8 ವರ್ಷ ಶಿಕ್ಷೆಯಾಯಿತು. ಎಲ್ಲರೂ "ಅಷ್ಟು ದೊಡ್ಡ ಫಲಕ ಕಾಣದೇ ಇರುತ್ತಾ?" ಅಂತ ಕೇಳಿದರು. ಅಮ್ಮನೂ ಕೇಳಿದಳು. ನಾನು ಉತ್ತರ ಕೊಡಲಿಲ್ಲ.

ಕಾಣುವುದಿಲ್ಲ ಮಗಳೇ. ನನಗೇ ಕಂಡಿರಲಿಲ್ಲ.

2016ರ ಅಕ್ಟೋಬರ್. ಟ್ರಕ್ ಓಡಿಸಲು ಶುರುಮಾಡಿ ಮೂರು ತಿಂಗಳೂ ಆಗಿರಲಿಲ್ಲ. ಆಗ ನಮ್ಮ ಆಲ್ಬರ್ಟಾ ಪ್ರಾಂತ್ಯದಲ್ಲಿ ಟೆಸ್ಟ್ ಪಾಸಾದರೆ ಲೈಸೆನ್ಸ್ ಸಿಗುತ್ತಿತ್ತು. ಇಷ್ಟು ಗಂಟೆ ತರಬೇತಿ ಆಗಲೇಬೇಕು ಅನ್ನುವ ನಿಯಮ ಬಂದದ್ದು 2019ರ ಮಾರ್ಚಿನಲ್ಲಿ, ಆ ಹುಡುಗರು ಹೋದಮೇಲೆ. ಸಸ್ಕ್ಯಾಚುವಾನಿನ ಒಂದು ಹಳ್ಳಿ ರಸ್ತೆ, ಸಂಜೆ, ಎರಡೂ ಕಡೆ ಕೊಯ್ಲಾದ ಬಯಲು. ನನ್ನ ಟಾರ್ಪಾಲಿನ ಒಂದು ಹಗ್ಗ ಬಿಚ್ಚಿಕೊಂಡಿತ್ತು. ಕನ್ನಡಿ ನೋಡಿದೆ, ರಸ್ತೆ ನೋಡಿದೆ, ಮತ್ತೆ ಕನ್ನಡಿ ನೋಡಿದೆ. ಅದು ಕಿತ್ತು ಹೋದರೆ ಸರಕು ಒದ್ದೆಯಾಗುತ್ತದೆ, ನನ್ನ ಸಂಬಳದಲ್ಲಿ ಹಿಡಿಯುತ್ತಾರೆ, ಇದೊಂದೇ ತಲೆಯಲ್ಲಿ. ಚಕ್ರದ ಸದ್ದು ಇದ್ದಕ್ಕಿದ್ದಂತೆ ಬದಲಾಯಿತು. ಏನಿದು ಅಂತ ನೋಡಿದರೆ ಅಡ್ಡ ಹೆದ್ದಾರಿಯ ಡಾಂಬರು ಆಗಲೇ ಹಿಂದೆ ಹೋಗಿತ್ತು. ಸ್ಟಾಪ್ ಫಲಕವನ್ನು ನಾನು ಕನ್ನಡಿಯಲ್ಲಿ, ಅದರ ಬೆನ್ನು ಮಾತ್ರ ನೋಡಿದೆ. ಒಂದು ಕಿಲೋಮೀಟರ್ ಮುಂದೆ ಗಾಡಿ ನಿಲ್ಲಿಸಿ ಇಳಿದೆ. ಹಗ್ಗ ಕಟ್ಟಲು ಬೆರಳು ಬಗ್ಗಲಿಲ್ಲ, ಅಷ್ಟು ನಡುಕ.

ಅವತ್ತು ಆ ಹೆದ್ದಾರಿಯಲ್ಲಿ ಬಸ್ಸು ಬರಲಿಲ್ಲ. ನನಗೂ ಅವನಿಗೂ ಇರುವ ವ್ಯತ್ಯಾಸ ಇಷ್ಟೇ. ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ, ಅಮ್ಮನಿಗೂ ಹೇಳಿಲ್ಲ. ನೀನು ಬಸ್ಸು ಹತ್ತಿದಾಗಲೆಲ್ಲ ಎದುರಿನಿಂದ ಬರುವ ಟ್ರಕ್ಕಿನಲ್ಲಿ ನನಗೆ ನಾನೇ ಕೂತಂತೆ ಕಾಣುತ್ತದೆ.

ಮೊನ್ನೆ ನೀವು ಸ್ವಿಫ್ಟ್ ಕರೆಂಟ್ ದಾಟಿ ಪೂರ್ವಕ್ಕೆ ಹೋದಿರಲ್ಲ, ಅದೇ ದಾರಿಯಲ್ಲಿ 1986ರ ಡಿಸೆಂಬರ್ 30ರಂದು ಅಲ್ಲಿನ ಬ್ರಾಂಕೋಸ್ ತಂಡದ ಬಸ್ಸು ಮಂಜುಗಡ್ಡೆಯ ಮೇಲೆ ಜಾರಿ ಉರುಳಿತು. ಹಿಂದಿನ ಸೀಟಿನಲ್ಲಿ ಇಸ್ಪೀಟು ಆಡುತ್ತಿದ್ದ ನಾಲ್ಕು ಹುಡುಗರು ಹೋದರು. ಉಳಿದವರು ಮತ್ತೆ ಆಡಿದರು, 1989ರಲ್ಲಿ ಆ ತಂಡ ಕೆನಡಾದ ಜೂನಿಯರ್ ಹಾಕಿಯ ದೊಡ್ಡ ಕಪ್ಪು, ಮೆಮೋರಿಯಲ್ ಕಪ್ ಗೆದ್ದಿತು. ಎಲ್ಲರೂ ಕಪ್ಪಿನ ಕಥೆ ಹೇಳುತ್ತಾರೆ. ನನಗೆ ಆ ಹಿಂದಿನ ಸೀಟಷ್ಟೇ ನೆನಪಾಗುತ್ತದೆ. ನೀನು ಎಲ್ಲಿ ಕೂರುತ್ತೀ? ಹೀಟರ್ ಇಲ್ಲದ ಹಿಂಭಾಗದಲ್ಲಾ?

ಬೆಲ್ಟ್ ಹಾಕಿಕೋ. 2020ರ ಸೆಪ್ಟೆಂಬರ್ ನಂತರ ತಯಾರಾದ ದೊಡ್ಡ ಬಸ್ಸುಗಳಲ್ಲಿ ಭುಜದ ಬೆಲ್ಟ್ ಇರಲೇಬೇಕು ಅಂತ ಕಾನೂನಿದೆ. ನಿಮ್ಮದು ಹಳೆಯ ಬಸ್ಸಾದರೂ ಕೆಲವು ಸೀಟಿಗೆ ಇರಬಹುದು, ಹುಡುಕು. ಇದ್ದರೆ ಮಲಗುವಾಗಲೂ ಬಿಚ್ಚಬೇಡ. ನಡುದಾರಿಯಲ್ಲಿ ಹಾಸಿಕೊಂಡು ಮಲಗಬೇಡ, ಎಲ್ಲ ತಂಡದವರೂ ಹಾಗೇ ಮಲಗುತ್ತಾರೆ ಅಂತ ಗೊತ್ತು, ನೀನು ಮಲಗಬೇಡ. ಹಿಮ ಜೋರಾದರೆ ಇವತ್ತು ಬೇಡ ಅಂತ ಕೋಚ್‌ಗೆ ಹೇಳು. ಹದಿನೇಳು ವರ್ಷದ ಹುಡುಗಿ ಹೇಳಿದರೆ ಕೇಳುತ್ತಾರಾ ಅನ್ನಬೇಡ. ತಂಡದಲ್ಲಿ ಇಡೀ ರಿಂಕ್ ಎದುರಿಗೆ ಕಾಣುವುದು ಗೋಲ್‌ಕೀಪರ್‌ಗೆ, ಕೂಗಿ ಎಚ್ಚರಿಸುವುದೂ ಅವಳ ಕೆಲಸವೇ ಅಂತ ನೀನೇ ನನಗೆ ಹೇಳಿಕೊಟ್ಟದ್ದು. ಕೈಗೆ ಗ್ಲೌಸ್, ತಲೆಗೆ ಟೋಪಿ, ಬೂಟು ಕಾಲಿನ ಹತ್ತಿರವೇ ಇರಲಿ. ನೀರು ಕುಡಿ. ವಾಂತಿಯಾದವರ ಬಾಟಲಿ ಮುಟ್ಟಬೇಡ.

ಕ್ಷಮೆ ಕೇಳಲು ಕೂತು ಮತ್ತೆ ಗದರುತ್ತಿದ್ದೇನೆ, ಗೊತ್ತಾಗುತ್ತಿದೆ. ಆದರೂ ಇವುಗಳಲ್ಲಿ ಒಂದನ್ನೂ ಅಳಿಸಲು ಕೈ ಬರುವುದಿಲ್ಲ.

ಆಟ ಬಿಡು ಅಂದದ್ದನ್ನು ಮಾತ್ರ ವಾಪಸ್ ತೆಗೆದುಕೊಳ್ಳುತ್ತೇನೆ. ಬಿಡುವುದಿದ್ದರೆ ನಿನಗೆ ಸಾಕಾದಾಗ ಬಿಡು, ನನ್ನ ಹೆದರಿಕೆಗೆ ಬಿಡಬೇಡ. ನನ್ನ ಹೆದರಿಕೆ ಹೋಗುವಂಥದ್ದಲ್ಲ. ಅದನ್ನು ನಿನ್ನ ಆಟದ ಮೇಲೆ ಹಾಕಿದೆ, ನಿನ್ನ ಕೈಲಾಗುವುದಿಲ್ಲ ಅಂದಂತೆ ನಿನಗೆ ಕೇಳಿಸಿತು. ಅದು ನನ್ನ ತಪ್ಪು.

ಇನ್ನೊಂದು ಕೇಳಬೇಕು. ಬ್ರ್ಯಾಂಡನ್, ವಿನ್ನಿಪೆಗ್ ಮುಗಿದ ಮೇಲೆ ಕ್ಯಾಲ್ಗರಿಗೆ ವಾಪಸ್ ಬರುವ ದಾರಿ 1,300 ಕಿಲೋಮೀಟರಿಗೂ ಹೆಚ್ಚು. ಒಬ್ಬ ಡ್ರೈವರ್ ದಿನಕ್ಕೆ 13 ಗಂಟೆಗಿಂತ ಹೆಚ್ಚು ಓಡಿಸುವ ಹಾಗಿಲ್ಲ. ಚಳಿಗಾಲದಲ್ಲಿ ಅದು ಒಬ್ಬರು ಒಂದೇ ಏಟಿಗೆ ಮುಗಿಸುವ ದಾರಿ ಅಲ್ಲ. ಎರಡನೇ ಡ್ರೈವರ್ ಇದ್ದಾರಾ, ಇಲ್ಲ ಮಧ್ಯೆ ಎಲ್ಲಾದರೂ ರಾತ್ರಿ ಉಳಿಯುತ್ತೀರಾ, ಕೇಳಿ ತಿಳಿಸು. ನೀನು ಕೇಳದಿದ್ದರೆ ನಾನೇ ಕೋಚ್‌ಗೆ ಫೋನ್ ಮಾಡುತ್ತೇನೆ, ನಿನಗೆ ಮುಜುಗರವಾದರೂ ಸರಿ.

ಈಗ ಫಿರಂಗಿಯ ಕೆಲಸ ಮುಗಿದಿದೆಯಂತೆ, ಮುಂದಿನ ಟ್ರಕ್ಕುಗಳು ಎಂಜಿನ್ ಶುರುಮಾಡುತ್ತಿವೆ. ಹೊರಡುವ ಮೊದಲು ಇಳಿದು ಎಲ್ಲ ಹಗ್ಗಗಳನ್ನೂ ಒಂದು ಸಲ ಎಳೆದು ನೋಡುತ್ತೇನೆ, ಎಂಟು ವರ್ಷದಿಂದ ಪ್ರತಿ ಸಲ ನೋಡುತ್ತಿದ್ದೇನೆ. ನಾಳೆ ನಿಮ್ಮ ಪಂದ್ಯದ ಹೊತ್ತಿಗೆ ಕ್ಯಾಮ್ಲೂಪ್ಸ್ ತಲುಪಿ ಗಾಡಿ ನಿಲ್ಲಿಸಿರುತ್ತೇನೆ. ಹಾಳೆ, ಪೆನ್ಸಿಲ್ ಇಟ್ಟುಕೊಂಡಿದ್ದೇನೆ. ಬ್ರ್ಯಾಂಡನ್ ತಲುಪಿದ ಕೂಡಲೇ, ಎಷ್ಟೇ ರಾತ್ರಿಯಾಗಿರಲಿ, "ಬಂದೆ" ಅಂತ ಒಂದು ಮೆಸೇಜ್ ಹಾಕು. ಮಾತಾಡಲು ಮನಸ್ಸಿಲ್ಲದಿದ್ದರೆ ಅಷ್ಟೇ ಸಾಕು.

ನಿನ್ನ
ಅಪ್ಪ